ಹಿಂತಿರುಗದ ಬಾಂಬರ್, ಕಲ್ಲಿನ ಮೇಲೆ ಏಳು ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಮೇಲೆ ಇಂಗ್ಲೆಂಡಿನ ಲಿಂಕನ್‌ಶೈರ್‌ಗೆ ಬಂದವನು ನಾನು. ಸಂಜೆ ವಾಕಿಂಗ್ ಹೋಗುವ ದಾರಿಯಲ್ಲಿ, ಹೊಲಗಳ ನಡುವೆ, ಬಿರುಕು ಬಿಟ್ಟ ಕಾಂಕ್ರೀಟ್ ಹಾಸು ಇದೆ. ಎರಡನೇ ಮಹಾಯುದ್ಧದ ಕಾಲದ ರನ್‌ವೇ ಅದು. ಈ ಸೀಮೆಗೆ 'ಬಾಂಬರ್ ಕೌಂಟಿ' ಅಂತಲೇ ಹೆಸರು. ಹತ್ತಿರದ ಚರ್ಚಿನ ಅಂಗಳದಲ್ಲಿ ಒಂದು ಕಲ್ಲು. ಅದರ ಮೇಲೆ ಏಳು ಹೆಸರು, ಒಂದೇ ತಾರೀಖು. ಒಂದೇ ಬಾಂಬರ್ ವಿಮಾನದಲ್ಲಿ ಹೋಗಿ ವಾಪಸ್ ಬಾರದವರು. ಸುಮ್ನೆ ಕುತೂಹಲಕ್ಕೆ ಒಂದು ಹೆಸರು ಹುಡುಕಿದೆ. ಏಳೂ ಮುಗಿಯುವಷ್ಟರಲ್ಲಿ ಎರಡು ವರ್ಷ ಹಿಡಿಯಿತು. ಆಮೇಲೆ ಗೆಳೆಯರು, ಅವರ ಗೆಳೆಯರು, ಇಂಥವರನ್ನು ಹುಡುಕುವುದು ಹೇಗೆ ಅಂತ ಕೇಳತೊಡಗಿದರು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವನ್ನೇ. ಉತ್ತರಗಳು ಬಹುಪಾಲು ಬ್ರಿಟಿಷ್ ವಾಯುಪಡೆಯ, ಅಂದರೆ ಆರ್‌ಎಎಫ್‌ನ, ಬಾಂಬರ್ ಕಮಾಂಡಿಗೆ ಸೇರಿದವು. ಬರ್ಮಾ ಮತ್ತು ನಮ್ಮ ಈಶಾನ್ಯದ ಬೆಟ್ಟಗಳಲ್ಲಿ ಕಳೆದುಹೋದವರ ಮಾತೂ ಕೆಳಗೆ ಬರುತ್ತದೆ.

ಒಬ್ಬರ ಹೆಸರು ಮಾತ್ರ ಗೊತ್ತಿದೆ. ಎಲ್ಲಿಂದ ಶುರು ಮಾಡಲಿ?

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಿಂದ. ಎರಡೂ ಮಹಾಯುದ್ಧಗಳಲ್ಲಿ ಸತ್ತ ಕಾಮನ್‌ವೆಲ್ತ್‌ನ ಸುಮಾರು 17 ಲಕ್ಷ ಜನರ ಹೆಸರು ಅದರಲ್ಲಿದೆ. ಹುಡುಕಲು ದುಡ್ಡು ಕೊಡಬೇಕಿಲ್ಲ. ಸ್ಮಿತ್, ಜೋನ್ಸ್ ಅಂಥ ಹೆಸರಾದರೆ ನೂರಾರು ಬರುತ್ತವೆ. ಹಾಗಾಗಿ ಹೆಸರಿಗಿಂತ ಸರ್ವಿಸ್ ನಂಬರ್ ಮುಖ್ಯ. ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡಿ ತೋರಿಸುವುದು ಅದೇ.

ಆಮೇಲೆ ಲಿಂಕನ್‌ನಲ್ಲಿರುವ ಇಂಟರ್‌ನ್ಯಾಷನಲ್ ಬಾಂಬರ್ ಕಮಾಂಡ್ ಸೆಂಟರ್‌ನ ಡೇಟಾಬೇಸ್ ನೋಡಿ. ಯಾವ ಸ್ಕ್ವಾಡ್ರನ್ (ವಿಮಾನಗಳ ದಳ), ಯಾವ ವಿಮಾನ, ಯಾವ ಊರಿನ ಮೇಲೆ ದಾಳಿ, ಜೊತೆಯಲ್ಲಿ ಯಾರ‍್ಯಾರಿದ್ದರು ಎಂಬುದು ಒಂದೇ ಕಡೆ ಸಿಗುತ್ತದೆ. ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ತಾರೀಖು, ಸ್ಕ್ವಾಡ್ರನ್, ವಿಮಾನದ ಸೀರಿಯಲ್ ನಂಬರ್, ಹೊರಟ ವಿಮಾನ ನಿಲ್ದಾಣ. ಮುಂದಿನ ಬಾಗಿಲುಗಳೆಲ್ಲ ಈ ನಾಲ್ಕರಿಂದಲೇ ತೆರೆಯುತ್ತವೆ.

ವಿಮಾನದ ಮೈಮೇಲೆ ದೊಡ್ಡದಾಗಿ ಬರೆದ ಅಕ್ಷರಗಳನ್ನೇ ಸೀರಿಯಲ್ ನಂಬರ್ ಅಂದುಕೊಳ್ಳಬೇಡಿ. ಅವು ಸ್ಕ್ವಾಡ್ರನ್ನಿನ ಗುರುತು. ಒಂದು ವಿಮಾನ ಹೋದರೆ ಅದೇ ಅಕ್ಷರ ಮುಂದಿನ ವಿಮಾನಕ್ಕೆ ಬರುತ್ತಿತ್ತು. ಸೀರಿಯಲ್ ನಂಬರ್ ಹಾಗಲ್ಲ.

ನನಗೆ ಬೇಕಾಗಿರೋದು ಒಬ್ಬರು. ಉಳಿದ ಆರು ಜನರನ್ನು ಯಾಕೆ ಹುಡುಕಬೇಕು?

ನಿಮಗೆ ಬೇಕಾದವರ ಕಥೆ ಉಳಿದವರ ಫೈಲಿನಲ್ಲಿ ಇರುತ್ತದೆ, ಅದಕ್ಕೆ. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬ್ರಿಟಿಷರ ಲ್ಯಾಂಕಾಸ್ಟರ್ ಬಾಂಬರ್ ವಿಮಾನದಲ್ಲಿ ಸಾಮಾನ್ಯವಾಗಿ ಏಳು ಜನ: ಪೈಲಟ್, ಫ್ಲೈಟ್ ಎಂಜಿನಿಯರ್, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಗುರಿ ನೋಡಿ ಬಾಂಬ್ ಬಿಡುವ ಬಾಂಬ್ ಏಮರ್, ವೈರ್‌ಲೆಸ್ ಆಪರೇಟರ್, ಬೆನ್ನ ಮೇಲೊಬ್ಬ ಗನ್ನರ್, ಬಾಲದಲ್ಲೊಬ್ಬ ಗನ್ನರ್. ಏಳೂ ಜನ ಒಂದೇ ದೇಶದವರಾಗಿರುವುದು ಕಡಿಮೆ. ಇಬ್ಬರು ಇಂಗ್ಲಿಷರು, ಒಬ್ಬ ಸ್ಕಾಟ್, ಒಬ್ಬ ಕೆನಡಾದವನು, ಒಬ್ಬ ಆಸ್ಟ್ರೇಲಿಯಾದವನು, ಹೀಗೆ ಬೆರಕೆ. ಸತ್ತದ್ದು ಒಟ್ಟಿಗೆ. ಕಾಗದಪತ್ರ ಮಾತ್ರ ಬೇರೆ ಬೇರೆ ದೇಶದ ಕಪಾಟುಗಳಲ್ಲಿ ಹಂಚಿಹೋಯಿತು.

ಆಸ್ಟ್ರೇಲಿಯಾದವರಿದ್ದರೆ ನಿಮ್ಮ ಅದೃಷ್ಟ. ಆ ದೇಶದ ನ್ಯಾಷನಲ್ ಆರ್ಕೈವ್ಸ್‌ನ ಎ705 ಸರಣಿಯಲ್ಲಿ ಅವರ ಸಾವುನೋವಿನ ಫೈಲುಗಳಿವೆ. ಎಷ್ಟೋ ಫೈಲುಗಳನ್ನು ಪೂರ್ತಿ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಮನೆಯಲ್ಲೇ ಕೂತು ಓದಬಹುದು. ತಾಯಿಗೆ ಹೋದ ತಂತಿ, ಬದುಕುಳಿದ ಜೊತೆಗಾರ ಕೊಟ್ಟ ಹೇಳಿಕೆ, ಯುದ್ಧದ ನಂತರ ಸಮಾಧಿ ಅಗೆದು ನೋಡಿದ ಅಧಿಕಾರಿಯ ವರದಿ, ಕೋಣೆಯಲ್ಲಿ ಬಿಟ್ಟುಹೋದ ಸಾಮಾನಿನ ಪಟ್ಟಿ, ಎಲ್ಲವೂ ಒಂದೇ ಕಡೆ. ವರದಿಯಲ್ಲಿ ಏಳೂ ಜನರ ಹೆಸರು ಇರುತ್ತದಲ್ಲ, ಇಂಗ್ಲಿಷ್ ಗನ್ನರ್ ಬಗ್ಗೆ ಲಂಡನ್ನಿನಲ್ಲಿ ಸಿಗದೇ ಇದ್ದದ್ದು ಕ್ಯಾನ್‌ಬೆರಾದ ಫೈಲಿನಲ್ಲಿ ಸಿಕ್ಕಿಬಿಡುತ್ತದೆ. ನಾನು ಒಂದು ವರ್ಷ ಲಂಡನ್ನಿನ ಕಡೆಯೇ ನೋಡುತ್ತಾ ಕೂತಿದ್ದೆ. ದಡ್ಡತನ.

ಕೆನಡಾದವರಿದ್ದರೆ, ಆ ಯುದ್ಧದಲ್ಲಿ ಸತ್ತವರ ಸೇವಾ ದಾಖಲೆಗಳು ಡಿಜಿಟಲ್ ಆಗಿವೆ. ನ್ಯೂಜಿಲೆಂಡಿನವರಿಗೆ ಆಕ್ಲೆಂಡ್ ಮ್ಯೂಸಿಯಂನ ಆನ್‌ಲೈನ್ ಸ್ಮಾರಕ ಇದೆ.

ಒಂದೊಂದು ಕಡೆ ಒಂದೊಂದು ತಾರೀಖು ಇದೆಯಲ್ಲ?

ದಾಳಿ ರಾತ್ರಿ ಹೊತ್ತು. ಸಂಜೆ ಹೊರಟವರು ಬೀಳುವ ಹೊತ್ತಿಗೆ ನಡುರಾತ್ರಿ ಕಳೆದು ತಾರೀಖು ಬದಲಾಗಿರುತ್ತದೆ. ಒಬ್ಬ ಗುಮಾಸ್ತ ಹೊರಟ ದಿನ ಬರೆದ, ಇನ್ನೊಬ್ಬ ಮಾರನೇ ದಿನ ಬರೆದ. ಅದಕ್ಕೇ ತಿಳಿದವರು '30/31 ಮಾರ್ಚ್ 1944' ಅಂತ ಎರಡೂ ಸೇರಿಸಿ ಬರೆಯುತ್ತಾರೆ.

ಗಂಟೆಯ ತೊಡಕೂ ಉಂಟು. 1941ರಿಂದ 1945ರವರೆಗಿನ ಬೇಸಿಗೆಗಳಲ್ಲಿ ಬ್ರಿಟನ್ನಿನ ಗಡಿಯಾರ ಗ್ರೀನಿಚ್ ಸಮಯಕ್ಕಿಂತ ಎರಡು ಗಂಟೆ ಮುಂದಿತ್ತು. ನ್ಯಾವಿಗೇಟರ್ ಬರೆಯುತ್ತಿದ್ದದ್ದು ಗ್ರೀನಿಚ್ ಸಮಯ. ಎರಡು ದಾಖಲೆಯಲ್ಲಿ ಸರಿಯಾಗಿ ಎರಡು ಗಂಟೆ ವ್ಯತ್ಯಾಸ ಕಂಡರೆ ಗಾಬರಿ ಬೇಡ, ಕಾರಣ ಬಹುಶಃ ಇದೇ.

ಸ್ಕ್ವಾಡ್ರನ್ನಿನ ದಿನಚರಿಯಲ್ಲಿ ಏನು ಸಿಗುತ್ತದೆ?

ಪ್ರತಿ ಸ್ಕ್ವಾಡ್ರನ್ನೂ 'ಆಪರೇಷನ್ಸ್ ರೆಕಾರ್ಡ್ ಬುಕ್' ಇಡುತ್ತಿತ್ತು. ಲಂಡನ್ ಹತ್ತಿರ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಏರ್ 27 ಅನ್ನುವ ಸರಣಿ ಅದು. ಆನ್‌ಲೈನಿನಲ್ಲೂ ಸಿಗುತ್ತದೆ. ಅದರಲ್ಲಿ ಎರಡು ಬಗೆ ಹಾಳೆ. ಫಾರ್ಮ್ 540 ದಿನದಿನದ ಸುದ್ದಿ: ಹವಾಮಾನ, ಯಾರು ಬಂದರು, ಯಾರು ಹೋದರು. ಫಾರ್ಮ್ 541ರಲ್ಲಿ ಒಂದೊಂದು ವಿಮಾನದ್ದೂ ಒಂದೊಂದು ಲೆಕ್ಕ: ಸಿಬ್ಬಂದಿಯ ಹೆಸರು, ಹೊರಟ ಹೊತ್ತು, ಬಂದ ಹೊತ್ತು, ಅಲ್ಲಿ ಏನು ಕಂಡರು.

ಕಳೆದುಹೋದ ವಿಮಾನದ ಸಾಲು ಹುಡುಕಿದರೆ ನಿರಾಸೆಯೇ. ಹೊರಟ ಮೇಲೆ ಸುದ್ದಿಯಿಲ್ಲ, ಕಾಣೆಯಾಗಿದೆ ಎಂಬಷ್ಟೇ ಇರುತ್ತದೆ. ಹೇಳಬೇಕಾದವರು ವಾಪಸ್ ಬರಲಿಲ್ಲವಲ್ಲ. ಆದರೆ ಅದೇ ಪುಟದ ಬೇರೆ ಸಾಲುಗಳನ್ನು ಬಿಡಬೇಡಿ. ಅದೇ ರಾತ್ರಿ ಅದೇ ದಾರಿಯಲ್ಲಿ ಹೋಗಿ ಬಂದವರು ಮೋಡ ಎಷ್ಟಿತ್ತು, ಎಲ್ಲಿ ಸರ್ಚ್‌ಲೈಟ್ ಹಿಡಿಯಿತು, ಯಾವ ಹೊತ್ತಿನಲ್ಲಿ ಉರಿಯುತ್ತಾ ಬಿದ್ದ ವಿಮಾನ ಕಂಡಿತು ಎಂದು ಹೇಳಿರುತ್ತಾರೆ.

ಹಿಂದಿನ ತಿಂಗಳುಗಳ ಪುಟಗಳನ್ನೂ ಓದಿ. ಒಂದು ಸುತ್ತು ಅಂದರೆ ಸಾಮಾನ್ಯವಾಗಿ 30 ದಾಳಿ. ಅಷ್ಟು ಮುಗಿಸಿದವರಿಗೆ ವಿಶ್ರಾಂತಿ. ನೀವು ಹುಡುಕುತ್ತಿರುವವರು ಮೊದಲನೇ ದಾಳಿಯಲ್ಲೇ ಹೋದರಾ, ಇಪ್ಪತ್ತೆಂಟನೆಯದರಲ್ಲಾ ಎಂಬುದು ಎಣಿಸಿದರೆ ಗೊತ್ತಾಗುತ್ತದೆ. ಹೊಸ ಪೈಲಟ್‌ಗಳನ್ನು ಮೊದಲು ಬೇರೆಯವರ ಜೊತೆ 'ಎರಡನೇ ಪೈಲಟ್' ಆಗಿ ಕಳಿಸುವ ರೂಢಿ ಇತ್ತು. ಏಳರ ಬದಲು ಎಂಟು ಹೆಸರು ಕಂಡರೆ ಅದೊಂದು ಕಾರಣ ಇರಬಹುದು.

ಸಾವಿಗೇ ಅಂತ ಪ್ರತ್ಯೇಕ ಫೈಲು ಇದೆಯಾ?

ಇದೆ, ಏರ್ 81 ಸರಣಿ. ಏರ್ ಮಿನಿಸ್ಟ್ರಿಯ ಕ್ಯಾಷುವಾಲ್ಟಿ ಬ್ರಾಂಚ್ ಒಂದೊಂದು ಘಟನೆಗೂ ಒಂದೊಂದು ಫೈಲು ತೆರೆಯುತ್ತಿತ್ತು. ಇವು ನ್ಯಾಷನಲ್ ಆರ್ಕೈವ್ಸ್‌ಗೆ ಯುದ್ಧದ ಮೊದಲ ವರ್ಷಗಳಿಂದ ಹಿಡಿದು ಹಂತ ಹಂತವಾಗಿ ಬರುತ್ತಿವೆ. ನಿಮ್ಮ ತಾರೀಖಿನದು ಬಂದಿದೆಯಾ ಅಂತ ಕ್ಯಾಟಲಾಗಿನಲ್ಲಿ ಹೆಸರು ಹಾಕಿ ನೋಡಿ. ಕೆಲವು ಫೈಲು ನಾಲ್ಕು ಹಾಳೆ, ಕೆಲವು ಇಟ್ಟಿಗೆಯಷ್ಟು ದಪ್ಪ.

ಅಪ್ಪ ಅಮ್ಮ ಬರೆದ ಪತ್ರಗಳೂ ಒಳಗಿರುತ್ತವೆ. ಹೊಟ್ಟೆ ತುಂಬಿ, ಮನಸ್ಸು ಗಟ್ಟಿ ಇರುವ ದಿನ ಓದಿ.

ರನ್ನಿಮೀಡ್ ಸ್ಮಾರಕದಲ್ಲಿ ಹೆಸರಿದೆ. ಅಂದರೆ ವಿಮಾನ ಸಮುದ್ರಕ್ಕೆ ಬಿತ್ತು ಅಂತಲೇ?

ಅಂತಲೇ ಏನಿಲ್ಲ. ವಿಂಡ್ಸರ್ ಹತ್ತಿರದ ಈ ಸ್ಮಾರಕ 1953ರ ಅಕ್ಟೋಬರ್‌ನಲ್ಲಿ ತೆರೆದದ್ದು. ಗೊತ್ತಾದ ಸಮಾಧಿ ಇಲ್ಲದ 20,000ಕ್ಕೂ ಹೆಚ್ಚು ವಾಯುಪಡೆಯವರ ಹೆಸರು ಅಲ್ಲಿದೆ. ಸಮುದ್ರಕ್ಕೆ ಬಿದ್ದವರು ಬಹಳ. ಆದರೆ ನೆಲಕ್ಕೆ ಬಿದ್ದು ದೇಹ ಗುರುತು ಸಿಗದವರೂ ಇದ್ದಾರೆ. ಅಂಥವರು ಎಲ್ಲೋ ಒಂದು ಕಡೆ 'ಹೆಸರು ತಿಳಿಯದ ವೈಮಾನಿಕ' ಎಂಬ ಕಲ್ಲಿನ ಕೆಳಗೆ ಮಲಗಿರಬಹುದು.

ಯುದ್ಧ ಮುಗಿಯುವ ಹೊತ್ತಿಗೆ ವಾಯುಪಡೆಯಲ್ಲಿ ಕಾಣೆಯಾದವರು 40,000ಕ್ಕೂ ಮೇಲೆ. ಅವರನ್ನು ಹುಡುಕಲು ಮಿಸ್ಸಿಂಗ್ ರಿಸರ್ಚ್ ಅಂಡ್ ಎನ್‌ಕ್ವಯರಿ ಸರ್ವಿಸ್ ಅಂತ ಒಂದು ದಳ ಇತ್ತು. ಅವರು ಜೀಪಿನಲ್ಲಿ ಹಳ್ಳಿ ಹಳ್ಳಿ ಸುತ್ತಿದರು. ಪಾದ್ರಿಯನ್ನು, ಊರ ಮುಖ್ಯಸ್ಥನನ್ನು, ಗುಂಡಿ ತೋಡಿದವನನ್ನು ಮಾತನಾಡಿಸಿದರು. ಸಮಾಧಿ ತೆಗೆಸಿ ಅಂಗಿಯ ಕಾಲರಿನ ಮೇಲಿನ ಲಾಂಡ್ರಿ ಗುರುತು, ಹಲ್ಲು, ಬೂಟಿನ ಅಳತೆ ನೋಡಿದರು. ಡಿಎನ್‌ಎ ಪರೀಕ್ಷೆ ಎಂಬ ಮಾತೇ ಇಲ್ಲದ ಕಾಲ. ಅರ್ಧಕ್ಕೂ ಹೆಚ್ಚು ಜನರಿಗೆ ಸಮಾಧಿ ಗೊತ್ತಾಯಿತು. ನನ್ನ ಕಣ್ಣಿಗೆ ಇಡೀ ವಿಷಯದಲ್ಲಿ ಇವರಷ್ಟು ದೊಡ್ಡ ಪತ್ತೇದಾರರು ಬೇರೆ ಇಲ್ಲ.

ಸಮಾಧಿ ಇರುವ ಊರಲ್ಲೇ ವಿಮಾನ ಬಿದ್ದದ್ದಾ?

ಹಾಲೆಂಡಿನಲ್ಲಾದರೆ ಬಹಳ ಸಲ ಹೌದು. ಬಿದ್ದ ಊರಿನ ಚರ್ಚಿನ ಅಂಗಳದಲ್ಲೇ ಹೂತು ಹಾಗೇ ಬಿಟ್ಟಿದ್ದಾರೆ. ಜರ್ಮನಿಯಲ್ಲಿ ಅಲ್ಲ. ಯುದ್ಧದ ಮೇಲೆ ಅಲ್ಲಿನ ಚದುರಿದ ಸಮಾಧಿಗಳನ್ನು ತೆಗೆದು ದೊಡ್ಡ ಸ್ಮಶಾನಗಳಿಗೆ ಸೇರಿಸಿದರು. ರೈಖ್ಸ್‌ವಾಲ್ಡ್ ಫಾರೆಸ್ಟ್ ಸ್ಮಶಾನ ಒಂದರಲ್ಲೇ ಸುಮಾರು 4,000 ವೈಮಾನಿಕರಿದ್ದಾರೆ. ಮೊದಲು ಎಲ್ಲಿ ಹೂತಿದ್ದರು ಎಂಬುದು ವಾರ್ ಗ್ರೇವ್ಸ್ ಕಮಿಷನ್ನಿನ ಸಮಾಧಿ ವರ್ಗಾವಣೆ ಹಾಳೆಗಳಲ್ಲಿ ಇರುತ್ತದೆ. ಅವರ ಹೆಸರಿನ ಪುಟದಲ್ಲೇ ಸ್ಕ್ಯಾನ್ ಸಿಗುತ್ತದೆ.

ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದರೆ, ಪಟ್ಟಿಯಲ್ಲಿ 'ಕಲೆಕ್ಟಿವ್ ಗ್ರೇವ್', ಅಂದರೆ ಒಟ್ಟು ಸಮಾಧಿ, ಅಂತಿದ್ದರೆ, ದೇಹಗಳನ್ನು ಬೇರೆ ಮಾಡಲು ಆಗಲಿಲ್ಲ ಎಂದರ್ಥ. ವಿಮಾನ ಹೇಗೆ ಬಿತ್ತು ಎಂಬುದಕ್ಕೂ ಅದೊಂದು ಸಾಕ್ಷಿ.

ಹೊಡೆದವರು ಯಾರು ಅಂತ ಗೊತ್ತಾಗುತ್ತದಾ?

ಎಲ್ಲರಿಗೂ ಇದೇ ಪ್ರಶ್ನೆ ಮೇಲೆ ಆಸೆ ಜಾಸ್ತಿ. ಅತಿ ಹೆಚ್ಚು ತಪ್ಪು ಉತ್ತರ ಸಿಗುವುದೂ ಇದಕ್ಕೇ.

ರಾತ್ರಿ ಬಾಂಬರುಗಳನ್ನು ಬೇಟೆಯಾಡುತ್ತಿದ್ದ ಜರ್ಮನಿಯ ನೈಟ್ ಫೈಟರ್ ಪೈಲಟ್‌ಗಳು ತಾವು ಉರುಳಿಸಿದ ವಿಮಾನದ ಹೊತ್ತು, ಜಾಗ, ಎತ್ತರ ಬರೆಸುತ್ತಿದ್ದರು. ಆ ಪಟ್ಟಿಗಳು ಬಹುಮಟ್ಟಿಗೆ ಉಳಿದಿವೆ. ಹೊತ್ತೂ ಜಾಗವೂ ನಿಮ್ಮ ವಿಮಾನದ್ದಕ್ಕೆ ಹೊಂದಿದರೆ, ಅದೇ ಹೊತ್ತಿನಲ್ಲಿ ಆ ಸುತ್ತಮುತ್ತ ಬೇರೆ ವಿಮಾನ ಬಿದ್ದಿಲ್ಲದಿದ್ದರೆ, 'ಬಹುಶಃ ಇವನೇ' ಅನ್ನಬಹುದು. ಅದಕ್ಕಿಂತ ಮುಂದೆ ಹೋಗಬೇಡಿ. 1944ರ ಮಾರ್ಚ್ 30/31ರ ನ್ಯೂರೆಂಬರ್ಗ್ ದಾಳಿ ನೋಡಿ. ಹೋದದ್ದು 795 ವಿಮಾನ, ಬಾರದೇ ಹೋದದ್ದು 95. ಬಾಂಬರ್ ಕಮಾಂಡಿಗೆ ಒಂದೇ ರಾತ್ರಿಯಲ್ಲಿ ಅಷ್ಟು ನಷ್ಟ ಇನ್ಯಾವತ್ತೂ ಆಗಲಿಲ್ಲ. ಒಂದರ ಹಿಂದೊಂದು ನಿಮಿಷಗಳ ಅಂತರದಲ್ಲಿ ಬೀಳುತ್ತಿದ್ದವು. ಅಲ್ಲಿ ಯಾರು ಯಾರನ್ನು ಹೊಡೆದರು ಅಂತ ಆಣೆ ಇಟ್ಟು ಹೇಳುವವರನ್ನು ನಾನು ನಂಬುವುದಿಲ್ಲ.

ಕಂಡವರ ಮಾತನ್ನೂ ತೂಗಿ ನೋಡಬೇಕು. ಆಗಿನ ಸಿಬ್ಬಂದಿಯಲ್ಲಿ 'ಸ್ಕೇರ್‌ಕ್ರೋ' ಎಂಬ ನಂಬಿಕೆ ಇತ್ತು. ಜರ್ಮನ್ನರು ನಮ್ಮನ್ನು ಹೆದರಿಸಲು, ಸಿಡಿಯುವ ಬಾಂಬರಿನ ಹಾಗೆ ಕಾಣುವ ಬೆದರುಬೊಂಬೆ ಗುಂಡು ಹಾರಿಸುತ್ತಾರೆ ಅಂತ. ಅಂಥ ಗುಂಡೇ ಇರಲಿಲ್ಲ. ಅವರು ಕಂಡದ್ದು ನಿಜವಾಗಿ ಸಿಡಿದ ಬಾಂಬರನ್ನೇ. 1943ರಿಂದ ಜರ್ಮನ್ ಫೈಟರುಗಳು ಮೇಲ್ಮುಖವಾಗಿ ಜೋಡಿಸಿದ ತುಪಾಕಿ ಬಳಸಿದವು. ಶ್ರೇಗೆ ಮುಸಿಕ್ ಅಂತ ಅದರ ಹೆಸರು. ಬಾಂಬರಿನ ಹೊಟ್ಟೆಯ ಕೆಳಗೆ ಕತ್ತಲಲ್ಲಿ ನುಸುಳಿ, ರೆಕ್ಕೆಯಲ್ಲಿರುವ ಪೆಟ್ರೋಲ್ ಟ್ಯಾಂಕಿಗೆ ಹೊಡೆಯುತ್ತಿದ್ದರು. ಪಕ್ಕದ ವಿಮಾನದವರಿಗೆ ಹೊಡೆದವನು ಕಾಣುತ್ತಲೇ ಇರಲಿಲ್ಲ. ಹಾಗಾಗಿ 'ಆಂಟಿ-ಏರ್‌ಕ್ರಾಫ್ಟ್ ಗುಂಡು ತಗುಲಿತು', ಅಂದರೆ ನೆಲದಿಂದ ಹೊಡೆದರು, ಎಂದು ಬರೆದಿದ್ದರೂ ಅದು ಊಹೆ ಇರಬಹುದು.

ಏಳರಲ್ಲಿ ಒಬ್ಬರಾದರೂ ಬದುಕಿದ್ದರೆ?

ದೊಡ್ಡ ನಿಧಿ ಸಿಕ್ಕ ಹಾಗೆ. ಸೆರೆ ಸಿಕ್ಕವರು ಬಿಡುಗಡೆಯಾದ ಮೇಲೆ ತುಂಬಿದ ಪ್ರಶ್ನಾವಳಿಗಳು ಕ್ಯೂನಲ್ಲಿ ಡಬ್ಲ್ಯೂಒ 344 ಸರಣಿಯಲ್ಲಿವೆ. ಹಳ್ಳಿಗರ ಸಹಾಯದಿಂದ ತಪ್ಪಿಸಿಕೊಂಡು ಬಂದವರ ವರದಿಗಳು ಡಬ್ಲ್ಯೂಒ 208ರಲ್ಲಿ.

ಆದರೆ ಲ್ಯಾಂಕಾಸ್ಟರ್ ಬಿದ್ದರೆ ಬದುಕುವುದು ಅಪರೂಪ. ಆಮೇಲೆ ದೊಡ್ಡ ಭೌತವಿಜ್ಞಾನಿಯಾದ ಫ್ರೀಮನ್ ಡೈಸನ್ ಆಗ ಬಾಂಬರ್ ಕಮಾಂಡಿನಲ್ಲಿ ಲೆಕ್ಕ ಹಾಕುವ ಹುಡುಗ. ಬಿದ್ದ ಹ್ಯಾಲಿಫ್ಯಾಕ್ಸ್ ವಿಮಾನಗಳಿಂದ ನೂರಕ್ಕೆ 25 ಜನ ಬದುಕಿದರೆ, ಲ್ಯಾಂಕಾಸ್ಟರ್‌ನಿಂದ 15 ಜನ ಮಾತ್ರ ಎಂಬುದು ಆ ಲೆಕ್ಕದಲ್ಲಿ ಕಂಡಿತು. ಲ್ಯಾಂಕಾಸ್ಟರ್ ಮೂತಿಯ ಕೆಳಗಿನ ಬಾಗಿಲು 22 ಇಂಚು ಅಗಲ, ಹ್ಯಾಲಿಫ್ಯಾಕ್ಸ್‌ನದು 24. ದಪ್ಪ ಉಡುಪು, ಪ್ಯಾರಾಚೂಟ್, ಕತ್ತಲೆ, ತಲೆಕೆಳಗಾಗಿ ತಿರುಗುವ ವಿಮಾನ. ಎರಡು ಇಂಚಿನ ಬೆಲೆ ಯೋಚಿಸಿ.

ಸತ್ತವರ ಲಾಗ್‌ಬುಕ್ ಸಿಗುತ್ತದಾ?

ಪ್ರತಿ ಹಾರಾಟದ ಲೆಕ್ಕ ಬರೆದಿಡುತ್ತಿದ್ದ ಪುಸ್ತಕ ಅದು. ಮನೆಯವರು ಆಗ ಕೇಳಿ ಪಡೆದಿದ್ದರೆ ಮನೆಯಲ್ಲಿರಬಹುದು. ಯಾರೂ ಕೇಳದೆ ಉಳಿದವುಗಳಲ್ಲಿ ಹೆಚ್ಚಿನವನ್ನು 1960ರ ಹೊತ್ತಿಗೆ ನಾಶ ಮಾಡಿದರು. ಹಳೇ ಕಾಗದದ ವಿಷಯದಲ್ಲಿ ಸರ್ಕಾರಗಳೆಲ್ಲ ಒಂದೇ.

ನಾನು ಹುಡುಕುವ ವಿಮಾನ ಬಿದ್ದದ್ದು ಇಂಗ್ಲೆಂಡಿನಲ್ಲೇ. ತರಬೇತಿಯಲ್ಲಿ. ಅದೂ ಲೆಕ್ಕಕ್ಕೆ ಬರುತ್ತದಾ?

ಖಂಡಿತ. ಬಾಂಬರ್ ಕಮಾಂಡಿನ 55,573 ಸಾವುಗಳಲ್ಲಿ 8,000ಕ್ಕೂ ಹೆಚ್ಚು ಜನ ಸತ್ತದ್ದು ಅಪಘಾತಗಳಲ್ಲಿ. ಸುಸ್ತಾದ ಹಳೇ ವಿಮಾನ, ಹೊಸ ಹುಡುಗರು, ಮಂಜು, ಗುಡ್ಡ. ಇಂಥದಕ್ಕೆ ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿರುವ ಫಾರ್ಮ್ 1180, ಅಂದರೆ ಅಪಘಾತದ ಕಾರ್ಡು, ಕೇಳಿ. ಒಂದು ಕಾರ್ಡಿನಲ್ಲಿ ಕಾರಣವನ್ನು ಗೀಚಿ ಬರೆದಿರುತ್ತಾರೆ. 'ಪೈಲಟ್ ತಪ್ಪು' ಎಂದಿದ್ದರೆ ಅದೇ ಕೊನೆಯ ಮಾತು ಅಂದುಕೊಳ್ಳಬೇಡಿ. ತನ್ನ ಪರ ಹೇಳಿಕೊಳ್ಳಲು ಅವನು ಬದುಕಿರಲಿಲ್ಲ.

ಅಧಿಕೃತ ದಾಖಲೆ ಅಂದ ಮೇಲೆ ನಂಬಬಹುದಲ್ವಾ?

ಒಂದು ನಿಜ ಸಂಗತಿ ಹೇಳುತ್ತೇನೆ. 2008ರಲ್ಲಿ ಹಾಲೆಂಡಿನ ಮಾರ್ಕರ್‌ಮೇರ್ ಸರೋವರದಲ್ಲಿ ಒಂದು ದೋಣಿಯ ಲಂಗರಿಗೆ ವಿಮಾನದ ಚಕ್ರದ ಭಾಗ ಸಿಕ್ಕಿಕೊಂಡು ಮೇಲೆ ಬಂತು. ಕೆಳಗಿರುವುದು ಸ್ಟರ್ಲಿಂಗ್ ಬಾಂಬರ್ ಅಂತ ತಿಳಿಯಿತು. ಅದರ ಸೀರಿಯಲ್ ನಂಬರ್ ಬಿಕೆ 710 ಎಂದು ಗುರುತಿಸಿ, ಆ ಸಿಬ್ಬಂದಿಯ ಹೆಸರನ್ನು ಜೋಡಿಸಿದರು. ವರ್ಷಗಳಾದ ಮೇಲೆ, ಅಲ್ಲಿ ಸಿಕ್ಕಿದ್ದ ಒಂದು ಸಿಗರೇಟ್ ಡಬ್ಬಿಯ ಮೇಲಿನ ಅಕ್ಷರಗಳು ಆ ಪಟ್ಟಿಯ ಯಾರಿಗೂ ಹೊಂದುವುದಿಲ್ಲ ಎಂಬುದು ಹೊಳೆಯಿತು. ಹೊಂದಿದ್ದು ಬಿಕೆ 716ರವರಿಗೆ. 218ನೇ ಸ್ಕ್ವಾಡ್ರನ್ನಿನ ಆ ವಿಮಾನ 1943ರ ಮಾರ್ಚ್ 29ರ ರಾತ್ರಿ ಡೌನ್‌ಹ್ಯಾಮ್ ಮಾರ್ಕೆಟ್‌ನಿಂದ ಬರ್ಲಿನ್‌ಗೆ ಹೊರಟು, ವಾಪಸ್ ಬರುವಾಗ ಕಾಣೆಯಾಗಿತ್ತು. ಏಳು ಜನರ ಹೆಸರೂ ರನ್ನಿಮೀಡ್‌ನಲ್ಲಿತ್ತು. 2020ರಲ್ಲಿ ಡಚ್ಚರು ನೀರು ತಡೆದು, ಕೆಸರು ಜರಡಿ ಹಿಡಿದು, ವಿಮಾನ ಮೇಲೆತ್ತಿದರು. ಇಷ್ಟಕ್ಕೂ ಆಧಾರ ಅಂಗೈಯಗಲದ ಡಬ್ಬಿ.

ಹಾಗಾಗಿ ನನ್ನ ನಿಯಮ ಇಷ್ಟೇ: ಒಂದು ಕಾಗದ ಹೇಳಿದ್ದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಅದನ್ನು ನೋಡಿ ಬರೆಯದ ಎರಡನೇ ಕಾಗದ ಅದನ್ನೇ ಹೇಳಿದಾಗ ಪೆನ್ನಿನಲ್ಲಿ ಬರೆಯಿರಿ.

ಬರ್ಮಾ ಕಡೆ, ಇಂಡಿಯಾದಿಂದ ಹೊರಟ ಬಾಂಬರುಗಳ ಗತಿ?

ಬಂಗಾಳದ ಡಿಗ್ರಿ, ಸಾಲ್ಬೋನಿ, ಧುಬುಲಿಯಾಗಳಿಂದ ಆರ್‌ಎಎಫ್‌ನ ಲಿಬರೇಟರ್ ಬಾಂಬರುಗಳು ಬರ್ಮಾ, ಈಗ ಥಾಯ್ಲೆಂಡ್ ಅನ್ನುವ ಸಯಾಮ್‌ವರೆಗೆ ಹೋಗುತ್ತಿದ್ದವು. ಆ ಸ್ಕ್ವಾಡ್ರನ್ನುಗಳ ದಿನಚರಿಯೂ ಏರ್ 27ರಲ್ಲೇ ಇದೆ. ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಬರ್ಮಾದಲ್ಲಿ ಕಾಣೆಯಾದವನ ಹೆಸರನ್ನು ರಂಗೂನ್ ಸ್ಮಾರಕದಲ್ಲಿ ಹುಡುಕುತ್ತಾರೆ. ಅದು ಭೂಸೇನೆಯವರದು. ಈ ಭಾಗದಲ್ಲಿ ಕಾಣೆಯಾದ ವೈಮಾನಿಕರ ಹೆಸರು ಇರುವುದು ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ.

ಅಮೆರಿಕದವರಾದರೆ 'ಮಿಸ್ಸಿಂಗ್ ಏರ್ ಕ್ರೂ ರಿಪೋರ್ಟ್' ಎಂಬ ಅಚ್ಚುಕಟ್ಟಾದ ವರದಿ ಇದೆ. 1943ರಿಂದ ಬರೆದದ್ದು. ಅದರಲ್ಲಿ ಎಂಜಿನ್‌ಗಳ, ಮಷಿನ್ ಗನ್ನುಗಳ ನಂಬರ್ ಕೂಡ ಇರುತ್ತದೆ. ಕಾಡಿನಲ್ಲಿ ತುಕ್ಕು ಹಿಡಿದ ಗನ್ ಸಿಕ್ಕರೆ ಅದರ ನಂಬರಿನಿಂದ ವಿಮಾನ ಪತ್ತೆಯಾಗಬಹುದು.

'ಹಾಟ್ ಆ್ಯಸ್ ಹೆಲ್' ಎಂಬ ಅಮೆರಿಕನ್ ಲಿಬರೇಟರ್ 1944ರ ಜನವರಿ 25ರಂದು ಚೀನಾದ ಕುನ್ಮಿಂಗ್‌ನಿಂದ ಅಸ್ಸಾಮಿನ ಛಾಬುವಾಕ್ಕೆ ಬರುತ್ತಿತ್ತು. ಎಂಟು ಜನ. ಬರಲೇ ಇಲ್ಲ. 2006ರಲ್ಲಿ ಅರುಣಾಚಲದ ಕಡಿದಾದ ಬೆಟ್ಟದಲ್ಲಿ ಅದರ ಅವಶೇಷ ಸಿಕ್ಕಿತು, ಸ್ಥಳೀಯರು ದಾರಿ ತೋರಿಸಿದ್ದರಿಂದ. 2015ರಲ್ಲಿ ಅಮೆರಿಕದ ತಂಡ ಅಲ್ಲಿ ಅಗೆಯಿತು. ಸಿಕ್ಕ ಅವಶೇಷಗಳಲ್ಲಿ ಒಬ್ಬ ಲೆಫ್ಟಿನೆಂಟ್‌ನದು ಗುರುತಾಗಿ, 2017ರಲ್ಲಿ ಜಾರ್ಜಿಯಾದ ಅವನ ಊರಿನಲ್ಲಿ ಮಣ್ಣು ಮಾಡಿದರು. ನಡುವೆ 73 ವರ್ಷ.

ನಮ್ಮ ಬೆಂಗಳೂರಿಗೂ ಲಿಬರೇಟರ್‌ಗೂ ಹಳೇ ನಂಟು. ಯುದ್ಧಕಾಲದಲ್ಲಿ ಎಚ್‌ಎಎಲ್‌ನಲ್ಲಿ ಅಮೆರಿಕನ್ ವಿಮಾನಗಳ ರಿಪೇರಿ ನಡೆಯುತ್ತಿತ್ತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳಲ್ಲಿ ನಲವತ್ತಕ್ಕೂ ಹೆಚ್ಚನ್ನು ಎಚ್‌ಎಎಲ್‌ನವರು ಮತ್ತೆ ಹಾರುವ ಹಾಗೆ ಮಾಡಿದರು. ನಮ್ಮ ವಾಯುಪಡೆ 1968ರವರೆಗೆ ಹಾರಿಸಿತು. ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂಗೆ ಲಿಬರೇಟರ್ ಕೊಟ್ಟದ್ದೂ ಭಾರತವೇ, 1974ರಲ್ಲಿ. ಅದರ ಮುಂದೆ ನಿಂತಾಗಲೆಲ್ಲ ನನಗೆ ಹಳೇ ಮದ್ರಾಸ್ ರಸ್ತೆ ನೆನಪಾಗುತ್ತದೆ.

ವಿಮಾನ ಬಿದ್ದ ಹೊಲದಿಂದ ಒಂದು ಚೂರು ತಂದರೆ ತಪ್ಪಾ?

ತಪ್ಪು. ಬ್ರಿಟನ್ನಿನಲ್ಲಿ 1986ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮಿಲಿಟರಿ ವಿಮಾನದ ಅವಶೇಷ ಅಗೆಯುವಂತಿಲ್ಲ. ಸಿಡಿಯದ ಬಾಂಬ್ ಇರಬಹುದು, ಮನುಷ್ಯರ ಮೂಳೆಯೂ ಇರಬಹುದು.

ಇವರು ಊರುಗಳ ಮೇಲೆ ಬಾಂಬ್ ಹಾಕಿದವರು. ಇವರಿಗಾಗಿ ಯಾಕಿಷ್ಟು ಒದ್ದಾಟ?

ನನ್ನ ಹೆಂಡತಿಯೂ ಇದನ್ನೇ ಕೇಳಿದ್ದು. 1943ರ ಜುಲೈನಲ್ಲಿ ಹ್ಯಾಂಬರ್ಗ್‌ನ ಬೆಂಕಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹೆಂಗಸರು, ಮಕ್ಕಳು, ಮುದುಕರು ಬಹಳ. ಅದನ್ನು ಬಿಟ್ಟು ಬರೆದರೆ ಏಳು ಜನರ ಕಥೆ ಸುಳ್ಳಾಗುತ್ತದೆ. ಹಾಗಾಗಿ ನಾನು ಪ್ರತಿ ಸಲ ಆ ರಾತ್ರಿ ಕೆಳಗಿನ ಊರಿನಲ್ಲಿ ಏನಾಯಿತು ಎಂಬುದನ್ನೂ ಹುಡುಕಿ ಅದೇ ಕಡತದಲ್ಲಿ ಇಡುತ್ತೇನೆ. ಎಷ್ಟೋ ಜರ್ಮನ್ ಊರುಗಳ ದಾಖಲೆಗಾರರು ಕೇಳಿದರೆ ಸೌಜನ್ಯದಿಂದ ಉತ್ತರ ಕೊಡುತ್ತಾರೆ. ಹೆಂಡತಿಗೆ ಕೊಟ್ಟ ಉತ್ತರ ಇದೇ. ಅವಳಿಗೆ ಪೂರ್ತಿ ಒಪ್ಪಿಗೆಯಾಗಿಲ್ಲ.

ಮನೆಯವರನ್ನು ಹುಡುಕಿ ಹೇಳಬೇಕಾ?

ನಿಧಾನ. ಮೊದಲ ಪತ್ರದಲ್ಲೇ ಫೋಟೋ, ವರದಿ ಕಳಿಸಬೇಡಿ. 'ಇಷ್ಟು ಗೊತ್ತಾಗಿದೆ, ನಿಮಗೆ ಬೇಕಾದರೆ ತಿಳಿಸುತ್ತೇನೆ' ಅನ್ನಿ, ಸುಮ್ಮನಿರಿ. ದೇಹ ಯಾವ ಸ್ಥಿತಿಯಲ್ಲಿತ್ತು ಎಂಬ ಸಾಲುಗಳನ್ನು ಅವರು ಕೇಳುವವರೆಗೆ ಹೇಳಬೇಡಿ. ಆ ಕಾಲದ ಅಧಿಕಾರಿಗಳೂ ತಾಯಂದಿರಿಗೆ ಅದನ್ನು ಮುಚ್ಚಿಟ್ಟೇ ಬರೆದಿದ್ದರು.

ಕ್ಯೂಗೆ ಹೋಗಲೇಬೇಕಾ? ಹೋದರೆ ಏನು ಒಯ್ಯಬೇಕು?

ಮುಕ್ಕಾಲು ಪಾಲು ಕೆಲಸ ಬೆಂಗಳೂರಿನಲ್ಲೇ ಕೂತು ಆಗುತ್ತದೆ. ಏರ್ 81ರಂಥ ಫೈಲಿಗೆ ಹೋಗಬೇಕು, ಇಲ್ಲಾ ದುಡ್ಡು ಕೊಟ್ಟು ಪ್ರತಿ ತರಿಸಬೇಕು. ಭಾನುವಾರ, ಸೋಮವಾರ ಮುಚ್ಚಿರುತ್ತದೆ. ಗುರುತಿನ ಚೀಟಿ, ವಿಳಾಸದ ಪುರಾವೆ ತೋರಿಸಿ ರೀಡರ್ಸ್ ಟಿಕೆಟ್ ಮಾಡಿಸಿಕೊಳ್ಳಿ. ಫೈಲುಗಳನ್ನು ಮುಂಚೆಯೇ ಬುಕ್ ಮಾಡಿ. ಫೋನಿನಲ್ಲಿ ಫೋಟೋ ತೆಗೆಯಲು ಬಿಡುತ್ತಾರೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಮರೆತು ಹೋದರೆ ಅಲ್ಲೇ ಅಂಗಡಿಯಲ್ಲಿ ಕೊಳ್ಳಬೇಕು. ನನ್ನ ಹತ್ತಿರ ಈಗ ಅಂಥವು ಒಂಬತ್ತು ಇವೆ.